ಬಂದ್ ದಿನದ ಗಣಪಯ್ಯನವರು

ನಾಳೆ ಬಂಗಾಳ ಬಂದ್ ಎಂಬ ಸುದ್ದಿ ಕೇಳಿ ಮುಖ ಅರಳುತ್ತಿದ್ದ ವ್ಯಾಪಾರಸ್ಥ ಕಲ್ಕತ್ತೆಯಲ್ಲೆಲ್ಲ ಒಬ್ಬರೇ ಇದ್ದರು. ಅವರು ಗರಿಯಾಹಾಟಿನ ಉಡುಪಿ ಹೋಟೆಲಿನ ಗಣಪಯ್ಯನವರು. ಅಕ್ಕಪಕ್ಕದ ಸೀರೆ ಅಂಗಡಿಯವರು ರೇಡಿಯೋದ ಮುಂದೆ ನಿಂತು ಹಣೆ ಚಚ್ಚಿಕೊಳ್ಳುವ ಗಳಿಗೆಯಲ್ಲಿ ಇವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು, ‘ನಾಳೆ ರಜೆ’ ಎಂದು ಬಂಗಾಳಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಬರೆಸಿಟ್ಟಿದ್ದ ತಗಡಿನ ಹಲಗೆಯ ಧೂಳನ್ನು ಹೆಗಲ ವಸ್ತ್ರದಿಂದ ಒರೆಸಿ, ಬಾಗಿಲಿಗೆ ನೇತುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಅದು ಓರೆಯಾಗಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಹಿತ್ತಲಿಗೆ ಹೋಗಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಬಂದ್ ಕರೆದವರು ರಾಜ್ಯವಾಳುವ ಎಡಪಕ್ಷಗಳವರೇ, ಅವರನ್ನು ಇಳಿಸಹೊರಟ ವಿರೋಧಿಗಳೇ ಎಂಬ ಭೇದಭಾವ ಅವರಿಗಿರಲಿಲ್ಲ. ದಿಲ್ಲಿಯ ಮೇಲಿನ ಸಿಟ್ಟಿಗಾದರೂ ಸರಿ, ಟ್ರಾಮಿನ ದರದ ಮೇಲಿನ ಸಿಟ್ಟಿಗಾದರೂ ಸರಿ, ಬೀದಿಯಲ್ಲಿ ಚಕ್ರ ಉರುಳದಿದ್ದರೆ ಅವರಿಗೆ ಸಾಕು. ರಾಜಕೀಯದಲ್ಲಿ ಇಷ್ಟು ನಿಷ್ಪಕ್ಷಪಾತಿಯಾದ ಇನ್ನೊಬ್ಬ ಮನುಷ್ಯನನ್ನು ಅವರ ಹೋಟೆಲಿನ ನಿತ್ಯದ ಗಿರಾಕಿಯಾದ ನಾನು ಕಂಡಿಲ್ಲ.

ಇದಕ್ಕೆ ಕಾರಣ ಸರಳವಾದದ್ದು. ಭಾನುವಾರ ಬಂದರೆ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ದುರ್ಗಾಪೂಜೆಯ ದಿನಗಳಲ್ಲಂತೂ ಊರಿಗೆ ಊರೇ ಬೀದಿಯಲ್ಲಿ. ಯುಗಾದಿ, ಅಷ್ಟಮಿ, ಚೌತಿ ಬಂದರೆ ನಗರದ ಕನ್ನಡಿಗರೆಲ್ಲರ ಮನೆಯ ಹಯಗ್ರೀವ, ಪಾಯಸಗಳು ಇವರ ಒಲೆಯ ಮೇಲೆಯೇ ಕುದಿಯಬೇಕು. ದೇವರು ಕೊಟ್ಟ ರಜೆಗಳೆಲ್ಲ ಅಡುಗೆಯವನಿಗೆ ಇಮ್ಮಡಿ ದುಡಿಮೆ. ಉಳಿದದ್ದು ಪಕ್ಷಗಳು ಕೊಡುವ ರಜೆ ಮಾತ್ರ. ಬಾರ್ಕೂರಿನ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ಮೊದಲೇ ಬಂದು, ಚಿಕ್ಕಪ್ಪನ ಹೋಟೆಲಿನ ರುಬ್ಬುಗುಂಡಿನ ಮುಂದೆ ಕುಳಿತು, ಮುಂದೆ ಅದೇ ಹೋಟೆಲಿನ ಯಜಮಾನರಾಗುವ ತನಕ ಗಣಪಯ್ಯನವರು ಕಲ್ಕತ್ತೆಯಲ್ಲಿ ಕಂಡ ಆಕಾಶವೆಂದರೆ ಹಿತ್ತಲಿನ ಗೋಡೆಗಳ ನಡುವೆ ಕಾಣುವಷ್ಟೇ. ಎಡಪಕ್ಷಗಳು ಗದ್ದುಗೆಯೇರಿದ ಎಪ್ಪತ್ತೇಳರ ನಂತರ ಬಂದ್‌ಗಳು ಹೆಚ್ಚಿದವೋ, ಇಲ್ಲ ಇವರಿಗೆ ಅವುಗಳ ಬೆಲೆ ತಿಳಿಯಿತೋ, ಅಂತೂ ಆಕಾಶ ಸ್ವಲ್ಪ ಅಗಲವಾಯಿತು.

ನೋಡಲು ಅವರು ಕುಳ್ಳಗೆ, ಗಟ್ಟಿ. ನಡೆಯುವಾಗ ಮೊಣಕಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆತ್ತಿ ಇಡುತ್ತಿದ್ದರು. ನೆಲದ ಮೇಲೂ ಪೆಡಲು ತುಳಿಯುವವರ ಹಾಗೆ. ಹೋಟೆಲಿನಲ್ಲಿ ಬನಿಯನ್ನು, ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ಹೆಗಲ ಮೇಲೊಂದು ವಸ್ತ್ರ, ಅಷ್ಟೇ. ಆದರೆ ಬಂದ್ ದಿನ ಬೆಳಗ್ಗೆ ಪೆಟ್ಟಿಗೆಯಿಂದ ಒಂದು ಕಪ್ಪು ಕೋಟು ಹೊರಬರುತ್ತಿತ್ತು. ತಮ್ಮ ಮದುವೆಗೆಂದು ಹೊಲಿಸಿದ್ದು. ಅಂಥ ಕೋಟನ್ನು ಜನ ಮದುವೆಗೆ, ಕೋರ್ಟಿಗೆ, ಫೋಟೋಕ್ಕೆ ಹಾಕಿಕೊಂಡರೆ ಗಣಪಯ್ಯನವರು ಊರಂಚಿನ ಒಂದು ಕಾಲುವೆಗೆ ಹಾಕಿಕೊಳ್ಳುತ್ತಿದ್ದರು. ಕೆಳಗೆ ಬಿಳಿಯ ಪಂಚೆ, ಅದು ಸರಪಳಿಗೆ ಸಿಕ್ಕದಂತೆ ಕಣಕಾಲಿಗೊಂದು ತಂತಿಯ ಕ್ಲಿಪ್ಪು. ಇದೆಂಥ ವೇಷ ಎಂದು ನಾನೊಮ್ಮೆ ಕೇಳಿದ್ದಕ್ಕೆ ಸಿಕ್ಕ ಉತ್ತರ ಗಂಭೀರವಾಗಿತ್ತು: “ಅಲ್ಲಿಯವ್ರು ನನ್ನನ್ನು ಹೋಟ್ಲಿನವ ಅಂತ ತಿಳೀಬಾರ್ದು ಮಾರಾಯ್ರೆ. ತಿಳಿದ್ರೆ ದೋಸೆ ಕೇಳ್ತಾರೆ.”

ಕಾಲುವೆ ಅವರಿಗೆ ದಕ್ಕಿದ್ದು ಅಕಸ್ಮಾತ್ತಾಗಿ. ಒಂದು ಬಂದ್ ದಿನ ಬೆಹಾಲಾದಲ್ಲಿ ಕಾಯಿಲೆ ಬಿದ್ದಿದ್ದ ನೆಂಟರೊಬ್ಬರನ್ನು ನೋಡಲು ಸೈಕಲ್ ಏರಿ ಹೊರಟವರು, ಟಾಲಿಗಂಜ್ ದಾಟಿದ ಮೇಲೆ ಹೆದ್ದಾರಿಯ ಬಂದ್ ಮೆರವಣಿಗೆಗಳ ಗಲಾಟೆ ಬೇಡವೆಂದು ಒಂದು ಓಣಿಗೆ ತಿರುಗಿ, ಓಣಿ ಮುಗಿದಲ್ಲಿ ನೀರು ಕಂಡು ನಿಂತುಬಿಟ್ಟರು. ಊರಿನವರು ಅದನ್ನು ಬರೀ ‘ಖಾಲ್’ ಎನ್ನುತ್ತಾರೆ, ಕಾಲುವೆ ಎಂದಷ್ಟೇ ಅರ್ಥ. ಹೂಗ್ಲಿಯ ಉಬ್ಬರವಿಳಿತಕ್ಕೆ ತಾನೂ ಏರಿ ಇಳಿಯುವ ಕಂದು ನೀರು. ಅದರ ಪಕ್ಕದಲ್ಲೇ ಒಂದು ಸೈಕಲ್ ಹೋಗುವಷ್ಟು ಅಗಲದ ಮಣ್ಣಿನ ಏರಿ. ಏರಿಯ ಮೇಲೆ ಖರ್ಜೂರದ ಮರಗಳ ಸಾಲು. ಅಂಚಿನಲ್ಲಿ ಅಂತರಗಂಗೆ, ಅದರ ನಡುವೆ ಬಾತುಕೋಳಿಗಳು. ಬಿದಿರ ಕಾಲುಗಳ ಮೇಲೆ ತೂಗುಹಾಕಿದ ಬಲೆಗಳು. ಅಲ್ಲಲ್ಲಿ ಎರಡು ಬಿದಿರು ಜೋಡಿಸಿ ಕಟ್ಟಿದ ಸಂಕ, ನಮ್ಮ ತುಳುನಾಡಿನ ತೋಡುಗಳ ಮೇಲೆ ಇರುವಂಥದ್ದೇ. ನಗರದ ಹೊಟ್ಟೆಯನ್ನು ಮೆಟ್ರೋ ರೈಲಿಗಾಗಿ ಬಗೆದು ಹಾಕಿದ್ದ ಆ ವರ್ಷಗಳಲ್ಲಿ, ಅದೇ ನಗರದ ಹಿಂಬಾಗಿಲಿನಲ್ಲಿ ಇಂಥದೊಂದು ನಿಶ್ಶಬ್ದ ಉದ್ದಕ್ಕೆ ಮಲಗಿತ್ತು. ನೆಂಟರನ್ನು ನೋಡಲು ಗಣಪಯ್ಯನವರು ಹೋದದ್ದು ಮುಂದಿನ ಬಂದ್‌ಗೆ. ಅಷ್ಟರಲ್ಲಿ ಪುಣ್ಯಕ್ಕೆ ಅವರು ಗುಣವಾಗಿದ್ದರು.

ಆ ಏರಿಯ ಮೇಲೆ ಅವರು ಸವಾರಿ ಮಾಡುತ್ತಿದ್ದ ರೀತಿಯೇ ಬೇರೆ. ಸೈಕಲ್ಲಿಗೆ ಗಂಟೆ ಇರಲಿಲ್ಲ, ಬಿಚ್ಚಿಸಿಬಿಟ್ಟಿದ್ದರು. ಹೋಟೆಲಿನಲ್ಲಿ ಹಗಲೆಲ್ಲ ಗಿರಾಕಿಗಳು ಮೇಜಿನ ಮೇಲಿನ ಗಂಟೆ ಬಡಿಯುವುದನ್ನು ಕೇಳಿ ಕೇಳಿ ಅವರಿಗೆ ಆ ಸದ್ದೆಂದರೆ ಅಲರ್ಜಿ. ಎದುರಿಗೆ ಯಾರು ಬಂದರೂ ಇಳಿಯುತ್ತಿದ್ದರು. ಹುಲ್ಲಿನ ಹೊರೆಯ ಹೆಂಗಸು ಬಂದರೆ ಇಳಿದರು, ಮೇಕೆ ಬಂದರೆ ಇಳಿದರು, ಬಾತುಗಳು ಸಾಲಾಗಿ ಏರಿ ದಾಟುತ್ತಿದ್ದರೆ ಕೊನೆಯ ಬಾತು ನೀರಿಗೆ ಇಳಿಯುವ ತನಕ ಕೋಟಿನ ಗುಂಡಿ ಹಾಕಿಕೊಂಡು ನಿಂತರು. ಹೀಗೆ ಇಳಿದಿಳಿದೇ ಅವರಿಗೆ ಆ ಕಡೆಯ ಜನರೆಲ್ಲ ಪರಿಚಿತರಾದರು. ಸೈಕಲ್ ಮೇಲೆ ಕೂತವನಿಗೆ ಸಿಗದ ಸ್ನೇಹ ಪಕ್ಕದಲ್ಲಿ ನಿಂತವನಿಗೆ ಸಿಗುತ್ತದೆ. ಅವರಲ್ಲೊಬ್ಬ ನಿತಾಯ್ ಮಂಡಲ್ ಎಂಬ ದೋಣಿಯವನು. ದಕ್ಷಿಣದ ಹಳ್ಳಿಗಳಿಂದ ದನಗಳಿಗೆ ಒಣಹುಲ್ಲು ತುಂಬಿಕೊಂಡು ಬಂದು, ಟಾಲಿಗಂಜಿನ ಕಟ್ಟೆಯಲ್ಲಿ ಇಳಿಸಿ, ಖಾಲಿ ದೋಣಿಯಲ್ಲಿ ಮರಳುವವನು. ಅವನೊಂದಿಗೆ ಕೂತು ಮುರಿ ತಿನ್ನುವುದು, ಅಂದರೆ ಮಂಡಕ್ಕಿ, ಗಣಪಯ್ಯನವರ ಬಂದ್ ದಿನದ ಊಟ. ಊರಿಗೆಲ್ಲ ಬಡಿಸುವ ಮನುಷ್ಯನಿಗೆ ಇನ್ನೊಬ್ಬರು ಕೈಗೆ ಹಾಕಿದ್ದನ್ನು ತಿನ್ನುವುದರಲ್ಲಿ ಎಂಥ ಸುಖವಿತ್ತೋ, ಅಡುಗೆಯವರನ್ನೇ ಕೇಳಬೇಕು.

ಗಂಟೆಯಂತೆಯೇ ಹಿಂದಿನ ಕ್ಯಾರಿಯರನ್ನೂ ಅವರು ಬಿಚ್ಚಿಸಿದ್ದರು. ಇದು ಬರೀ ಅಭ್ಯಾಸವಲ್ಲ, ವ್ರತ. ಆ ಸೈಕಲ್ ಮೇಲೆ ಸಾಮಾನು ಹೇರಬಾರದು. ಒಂದು ತೆಂಗಿನಕಾಯಿ, ಒಂದು ಕಟ್ಟು ಕರಿಬೇವು ಕೂಡ ಕೂಡದು. ನನ್ನ ಕೈ ದುಡಿಯುತ್ತದೆ, ಕಾಲು ದುಡಿಯುತ್ತದೆ, ನಾಲಿಗೆ ಸಾರಿನ ಉಪ್ಪು ನೋಡಿ ನೋಡಿ ದುಡಿಯುತ್ತದೆ, ಇದೊಂದು ದುಡಿಯದೆ ಇರಲಿ ಎಂಬುದು ಅವರ ವಾದ. ಸಾಮಾನಿನ ವಿಷಯದಲ್ಲಿ ಮಾತ್ರವಲ್ಲ, ಜೊತೆಗಾರರ ವಿಷಯದಲ್ಲೂ ಅವರು ಹಾಗೆಯೇ. ಯಾರನ್ನೂ ಕರೆದುಕೊಂಡು ಹೋದವರಲ್ಲ. ಹೆಂಡತಿ ಸುಗುಣಮ್ಮನವರನ್ನು ಸಹ.

ಸುಗುಣಮ್ಮನವರಿಗೆ ಇದು ಮುಳ್ಳಾಗಿ ನಾಟಿತ್ತು. ಹೋಟೆಲಿನ ಮೇಲಿನ ಎರಡು ಕೋಣೆಗಳಲ್ಲಿ ಬಾಳು ಸವೆಸಿದ ಆಕೆಗೆ ಬಂದ್ ದಿನವೆಂದರೆ ಕಿಟಕಿಯಲ್ಲಿ ಕೂತು ಖಾಲಿ ಬೀದಿಯಲ್ಲಿ ಕ್ರಿಕೆಟ್ ಆಡುವ ಪಾಡಾದ, ಅಂದರೆ ಕೇರಿಯ, ಹುಡುಗರನ್ನು ನೋಡುವುದು. ಬೇರೆ ಹೆಂಗಸಿದ್ದಾಳೆಂಬ ಸಂಶಯ ಆಕೆಗೆ ಎಂದೂ ಬರಲಿಲ್ಲ. ಬೇರೆ ಹೆಂಗಸಿಗಾಗಿ ಯಾರೂ ಆ ಕೋಟು ಹಾಕಿಕೊಂಡು ಹೋಗಲಾರರು. ಸಂಕಟ ಅದಲ್ಲ. ಗಂಡನಿಗೆ ತಾನಿಲ್ಲದ ಒಂದು ಸಂತೋಷವಿದೆಯಲ್ಲ, ಅದು.

“ಆ ಖಾಲ್‌ನಲ್ಲಿ ಎಂತ ಉಂಟು?” ಎಂದು ಅವರು ಮರಳಿ ಬಂದಾಗಲೆಲ್ಲ ಆಕೆ ಕೇಳುವುದು.

“ಎಂತದೂ ಇಲ್ಲ” ಎಂದು ಇವರು ಕೋಟು ಮಡಿಸಿಡುವುದು.

‘ಎಂತದೂ ಇಲ್ಲ’ ಎಂಬುದು ಅವರ ನಾಲಿಗೆಯ ತುದಿಯ ಮಾತು. ಸಾರಿಗೆ ಇವತ್ತೇನು ಹಾಕಿದ್ದೀರಿ ಎಂದರೆ ಎಂತದೂ ಇಲ್ಲ, ಮೈ ಹುಷಾರಿಲ್ಲವೇ ಎಂದರೆ ಎಂತದೂ ಇಲ್ಲ. ಹೀಗಾಗಿ ಖಾಲ್ ವಿಷಯದಲ್ಲಿ ಅವರು ಅಕ್ಷರಶಃ ಸತ್ಯವನ್ನೇ ಹೇಳುತ್ತಿದ್ದರೂ ಸುಗುಣಮ್ಮನವರಿಗೆ ಅದು ಬಾಗಿಲು ಹಾಕಿದಂತೆ ಕೇಳಿಸುತ್ತಿತ್ತು. ಒಮ್ಮೆ ನನ್ನ ಎದುರಿಗೇ ಆಕೆ, “ಎಂತದೂ ಇಲ್ಲದ ಜಾಗ ನೋಡ್ಲಿಕ್ಕೆ ನಾನೂ ಬರಬಹುದಲ್ಲ?” ಎಂದರು. ಗಣಪಯ್ಯನವರು ಕೇಳಿಸಲಿಲ್ಲವೆಂಬಂತೆ ಅಡುಗೆಮನೆಗೆ ನಡೆದರು. ಒಳ್ಳೆಯ ಮನುಷ್ಯರೂ ಕೆಲವೊಮ್ಮೆ ಹೀಗೆ ಕಿವುಡಾಗುತ್ತಾರೆ, ಮತ್ತು ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಇಂಥ ಬಂದ್ ಭಕ್ತರಿಗೆ ಬಂದೇ ಒಮ್ಮೆ ಮುನಿಯಿತು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಮಂಜಯ್ಯನವರು ಬ್ರಹ್ಮಚಾರಿಯಾಗಿದ್ದ ದಿನಗಳಿಂದ ಆ ಹೋಟೆಲಿನ ಅನ್ನ ತಿಂದವರು. ಅವರ ಮಗಳು ಆಶಾಲತಾ ತೊಟ್ಟಿಲಲ್ಲಿದ್ದಾಗಲೇ ಗಣಪಯ್ಯನವರು, “ಇವಳ ಮದುವೆ ಊಟ ನನ್ನದು” ಎಂದು ಮಾತು ಕೊಟ್ಟಿದ್ದರು. ಆ ಮದುವೆ ಈಗ ಗೊತ್ತಾಗಿತ್ತು. ಬೆಹಾಲಾದ ದಕ್ಷಿಣದ ಅಂಚಿನಲ್ಲಿ, ಖಾಲ್‌ನಿಂದ ಕೂಗಳತೆಯ ದೂರದಲ್ಲಿ ಮಂಜಯ್ಯನವರು ಕಟ್ಟಿಸಿದ್ದ ಹೊಸ ಮನೆಯಲ್ಲೇ ಚಪ್ಪರ. ಗಂಡಿನ ಕಡೆಯವರು ಉಡುಪಿಯಿಂದ ಬಸ್ಸು ಹತ್ತಿ, ರೈಲು ಹಿಡಿದು ಬಂದಿಳಿದಾಗಿತ್ತು. ಕೊಪ್ಪರಿಗೆ, ಅಕ್ಕಿ, ಬೇಳೆ, ಕಾಯಿ, ಬಾಳೆಲೆಗಳನ್ನು ಹಿಂದಿನ ಸಂಜೆ ಟೆಂಪೋದಲ್ಲಿ ಸಾಗಿಸುವುದೆಂದು ಏರ್ಪಾಡು.

ಆ ಸಂಜೆಯೇ ರೇಡಿಯೋ ಹೇಳಿತು: ಎಲ್ಲಿಯೋ ಗೋಲಿಬಾರ್ ಆಗಿದೆ, ನಾಳೆ ಬೆಳಗ್ಗೆ ಆರರಿಂದ ಬಂದ್. ಗಣಪಯ್ಯನವರ ಮುಖ ಎಂದಿನಂತೆ ಅರಳಿತು. ಹಲಗೆ ಬಾಗಿಲಿಗೇರಿತು. ಅದೇ ಹೊತ್ತಿಗೆ ಟೆಂಪೋದವನು ಬಂದು ತಲೆ ಕೆರೆಯುತ್ತ, ಸಾಮಾನು ಈಗಲೇ ಹೇರಲೇ ಎಂದು ಕೇಳಿದರೆ, ಇವರು ಸೈಕಲ್ ಪಂಪು ಒತ್ತುತ್ತಲೇ, ನಾಳೆ ಯಾವ ಕೆಲಸವೂ ಇಲ್ಲ, ನಾಳೆ ಬಂದ್, ಹೋಗಿ ಹಾಯಾಗಿ ಮಲಗು ಎಂದು ಅವನನ್ನು ಕಳಿಸಿಬಿಟ್ಟರು. ಟೆಂಪೋದವನು ಎಂದೂ ಯಜಮಾನರ ಮಾತು ಮೀರಿದವನಲ್ಲ. ನಗರದಾಚೆ ದೂರದ ಬಾರಾಸಾತಿನ ತನ್ನ ಮನೆಯತ್ತ ಗಾಡಿ ತಿರುಗಿಸಿ ಹೊರಟೇಹೋದ. ಮೇಲಿನಿಂದ ಇಳಿದು ಬಂದ ಸುಗುಣಮ್ಮ ಕೈಯಲ್ಲಿ ಹೋಳಿಗೆಯ ಹಿಟ್ಟು ಮೆತ್ತಿಕೊಂಡೇ ಕೇಳಿದರು: “ಇವ್ರೆ, ನಾಳೆ ಆಶಾಲತಾಳ ಮದುವೆ ಅಲ್ವಾ?”

ಪಂಪು ಕೈಯಿಂದ ಜಾರಿತು. ಬಂದ್ ಎಂದರೆ ರಜೆ ಎಂಬ ಸಂತೋಷ ಆ ಮನುಷ್ಯನ ಮೈಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ತೊಟ್ಟಿಲಿನ ಕಾಲದಿಂದ ಕಾದಿದ್ದ ಮದುವೆ ಆ ಗಳಿಗೆಯಲ್ಲಿ ನೆನಪಿನಿಂದಲೇ ಕಳಚಿ ಬಿದ್ದಿತ್ತು. ಬೇರೆ ಗಾಡಿಗಾಗಿ ಅವರು ಪಾಡಾವೆಲ್ಲ ಸುತ್ತಿದರು. ಬಂದ್ ಹಿಂದಿನ ಸಂಜೆ ಕಲ್ಕತ್ತೆಯಲ್ಲಿ ಯಾರು ಗಾಡಿ ಕೊಡುತ್ತಾರೆ? ಹೋದವರಿಗೆ ಮರಳಿ ಬರಲು ದಾರಿ ಬೇಡವೇ? ತಿರುಗಿ ಬಂದು ಹಿತ್ತಲಿನ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕೂತ ಗಂಡನನ್ನು ಕಂಡು ಸುಗುಣಮ್ಮನವರಿಗೆ ಸಿಟ್ಟು ಮರೆತು ಕರುಣೆ ಬಂತು.

“ಸೈಕಲ್‌ನಲ್ಲೇ ಸ್ವಲ್ಪ ಸ್ವಲ್ಪ ಹೇರಿಕೊಂಡು ಹೋದ್ರೆ?” ಎಂದರು.

“ಸೈಕಲ್‌ನಲ್ಲಿ ಸಾಮಾನಾ?” ಎಂದು ಗಣಪಯ್ಯನವರು ತಲೆಯೆತ್ತಿದರು. ಬಹುಶಃ ಮಾತು ಉಳಿಸಲು ಆ ವ್ರತವನ್ನೂ ಮುರಿಯುತ್ತಿದ್ದರು. ಆದರೆ ಇನ್ನೂರು ಎಲೆಯ ಊಟದ ಕೊಪ್ಪರಿಗೆ ಸೈಕಲ್ ಮೇಲೆ ಕೂರುವ ವಸ್ತುವಲ್ಲ. ಸೈಕಲ್ಲನ್ನೇ ನೋಡುತ್ತ ನೋಡುತ್ತ ಅವರಿಗೆ ಏರಿ ಕಂಡಿತು, ಏರಿಯ ಪಕ್ಕದ ನೀರು ಕಂಡಿತು, ನೀರಿನ ಮೇಲೆ ನಿತಾಯ್ ಕಂಡ. ಹುಲ್ಲು ಇಳಿಸಿದ ದೋಣಿ ಟಾಲಿಗಂಜಿನ ಕಟ್ಟೆಯಲ್ಲಿ ಬೆಳಗಿನ ಉಬ್ಬರಕ್ಕಾಗಿ ಕಾಯುತ್ತಿರುತ್ತದೆ; ಉಬ್ಬರದೊಂದಿಗೆ ಅದು ಹೋಗುವುದು ಮಂಜಯ್ಯನವರ ಮನೆಯ ಹಿತ್ತಲನ್ನು ದಾಟಿಕೊಂಡೇ. “ಚಕ್ರವೇ ಇಲ್ಲದ್ದನ್ನು ಯಾರು ಬಂದ್ ಮಾಡ್ತಾರೆ ಮಾರಾಯ್ತಿ!” ಎಂದು ಎದ್ದವರು ಅಲ್ಲಿಂದಲೇ ಟಾಲಿಗಂಜಿಗೆ ಹೊರಟರು.

ಬೆಳಕು ಹರಿಯುವ ಮೊದಲು, ಬಂದ್‌ಗೆ ಇನ್ನೂ ಹೊತ್ತಿದ್ದಾಗ, ಎರಡು ತಳ್ಳುಗಾಡಿಗಳಲ್ಲಿ ಸಾಮಾನು ಕಟ್ಟೆ ತಲುಪಿತು. ಹುಲ್ಲಿನ ವಾಸನೆಯ ದೋಣಿಯಲ್ಲಿ ಕೊಪ್ಪರಿಗೆಗಳು, ಅವುಗಳ ನಡುವೆ ಇಬ್ಬರು ಅಡುಗೆಯವರು, ಮಡಿಲಲ್ಲಿ ಹೋಳಿಗೆಯ ಬುಟ್ಟಿ ಹಿಡಿದ ಸುಗುಣಮ್ಮ. ಗಣಪಯ್ಯನವರು ದೋಣಿ ಹತ್ತಲಿಲ್ಲ. ಬಂದ್ ದಿನವಲ್ಲವೇ? ಕೋಟು ತೊಟ್ಟು, ಕ್ಲಿಪ್ಪು ಹಾಕಿ, ಏರಿಯ ಮೇಲೆ ದೋಣಿಯ ಸರಿಸಮಕ್ಕೆ ಬರಿಯ ಸೈಕಲ್ ತುಳಿಯುತ್ತ ಬಂದರು.

ದಾರಿಯ ಮರದ ಸೇತುವೆಯೊಂದರ ಮೇಲೆ ಬಾವುಟ ಕಟ್ಟಿಕೊಂಡು ಹುಡುಗರ ಗುಂಪು ಕೂತಿತ್ತು. “ಥಾಮೋ, ಥಾಮೋ!” ಎಂದು ಕೂಗಿ ದೋಣಿ ನಿಲ್ಲಿಸಿದರು. ಗಣಪಯ್ಯನವರು ಎಂದಿನಂತೆ ಇಳಿದರು. ಗುಂಪಿನ ಮುಂದಾಳು ಗರಿಯಾಹಾಟಿನಲ್ಲಿ ಓದುವಾಗ ಇವರ ಹೋಟೆಲಿನಲ್ಲಿ ಒಂದು ಕಾಫಿಗೆ ಸಂಜೆಯೆಲ್ಲ ಕ್ರಾಂತಿ ಮಾತಾಡುತ್ತ ಕೂರುತ್ತಿದ್ದವನು. ಕೋಟಿನೊಳಗಿನ ಮನುಷ್ಯನನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ದೋಸಾ-ದಾ! ನೀವಾ? ಇವತ್ತು ಬಂದ್, ಗೊತ್ತಿಲ್ಲವಾ?” ಎಂದ ಬಂಗಾಳಿಯಲ್ಲಿ. ದೋಸಾ-ದಾ ಅಂದರೆ ದೋಸೆಯಣ್ಣ.

“ನನಗೆ ಗೊತ್ತಿಲ್ಲದ ಬಂದ್ ಇದೆಯೇನಪ್ಪ?” ಎಂದರು ಇವರು ತಮ್ಮ ಉಡುಪಿಯ ರಾಗದ ಬಂಗಾಳಿಯಲ್ಲಿ. “ಚಕ್ರ ಉರುಳಬಾರದು ಅಂದಿದ್ದೀರಿ. ದೋಣಿಗೆ ಚಕ್ರ ಎಲ್ಲುಂಟು, ತೋರಿಸು.”

“ಸೈಕಲ್ಲಿಗೆ ಇದೆಯಲ್ಲ?” ಎಂದು ಇನ್ನೊಬ್ಬ ಕೆಣಕಿದ.

ಗಣಪಯ್ಯನವರು ಒಂದು ಕ್ಷಣವೂ ಯೋಚಿಸದೆ ಸೈಕಲ್ಲನ್ನು ಎತ್ತಿ ಕೋಟಿನ ಹೆಗಲ ಮೇಲಿಟ್ಟುಕೊಂಡು, “ಈಗ ಉರುಳುತ್ತಾ ಇದೆಯಾ?” ಎಂದು, ಮೊಣಕಾಲು ಎತ್ತೆತ್ತಿ ಇಡುತ್ತ ಸೇತುವೆ ದಾಟಿಬಿಟ್ಟರು. ಹುಡುಗರು ಬಿದ್ದು ಬಿದ್ದು ನಕ್ಕರು. ಮದುವೆಯ ದೋಣಿಯೆಂದು ತಿಳಿದ ಮೇಲೆ ಮುಂದಾಳು ತಾನೇ ಬಗ್ಗಿ ನಿತಾಯ್‌ಗೆ ಸೇತುವೆಯ ಕಂಬ ತಾಗದಂತೆ ದಾರಿ ತೋರಿಸಿದ.

ಮುಹೂರ್ತಕ್ಕೆ ಮೊದಲೇ ಒಲೆ ಹೊತ್ತಿತು. ಕೋಟು ತೊಟ್ಟು ಬಂದ ಗಣಪಯ್ಯನವರನ್ನು ಹೆಣ್ಣಿನ ಸೋದರಮಾವನೆಂದೇ ಬಗೆದು ಗಂಡಿನ ತಂದೆ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಇವರು ಮರ್ಯಾದೆಗೆ ಒಂದು ಗಳಿಗೆ ಕೂತು, ಪಾನಕ ಕುಡಿದು, ಕೋಟು ಕಳಚಿ ಕುರ್ಚಿಗೆ ಹಾಕಿ ಅಡುಗೆಯ ಚಪ್ಪರಕ್ಕೆ ಹೋದರು. ಗರಿಯಾಹಾಟಿನಿಂದ ನಡೆದೇ ಬಂದಿದ್ದ ನನ್ನ ಹಸಿವಿಗೆ ಆ ಊಟದ ರುಚಿ ಹೇಳುವ ಹಕ್ಕಿಲ್ಲ, ಎಲ್ಲವೂ ಅಮೃತವೇ ಆಗಿರುತ್ತಿತ್ತು. ಆದರೆ ಗಂಡಿನ ಕಡೆಯ ಹಿರಿಯರು ಸಾರನ್ನು ಮೂರನೆಯ ಸಲ ಹಾಕಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಂಜಯ್ಯನವರು ಕಣ್ಣು ತುಂಬಿಕೊಂಡು, “ಮಾತು ಉಳಿಸಿದ್ರಿ ಮಾರಾಯ್ರೆ” ಎಂದರು. ಗಣಪಯ್ಯನವರಿಗೆ ಟೆಂಪೋದವನ ನೆನಪಾಗಿರಬೇಕು, ಕಿವಿ ಕೆಂಪಾಯಿತು. “ಎಂತದೂ ಇಲ್ಲ, ಎಂತದೂ ಇಲ್ಲ” ಎಂದರು.

ಮುಂದಿನದನ್ನು ನಾನು ಸುಗುಣಮ್ಮನವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ! ಅಡುಗೆಯವರು ರಾತ್ರಿ ಅಲ್ಲೇ ಉಳಿಯುವವರು, ಕೊಪ್ಪರಿಗೆಗಳೂ ಮರುದಿನದ ಟೆಂಪೋಕ್ಕೆ. ನಿತಾಯ್ ನೀರು ಇಳಿಯುವ ಮೊದಲೇ ತನ್ನ ಹಳ್ಳಿಗೆ ಹೋಗಿಯಾಗಿತ್ತು. ಆದರೆ ಸುಗುಣಮ್ಮನವರಿಗೆ ಮನೆಯಲ್ಲಿ ದೇವರ ಮುಂದೆ ಸಂಜೆಯ ದೀಪ ಹಚ್ಚಬೇಕು, ಅದನ್ನು ಅವರು ಮದುವೆಯಾಗಿ ಬಂದಂದಿನಿಂದ ತಪ್ಪಿಸಿದವರಲ್ಲ. ಬಸ್ಸಿಲ್ಲ, ರಿಕ್ಷಾ ಇಲ್ಲ. ಗಂಡಹೆಂಡಿರು ಹಿತ್ತಲ ದಾಟಿ ಏರಿಗೆ ಬಂದು ನಿಂತರು. ಬೆಳಗ್ಗೆ ಇದೇ ನೀರಿನ ಮೇಲೆ ಬಂದಿದ್ದರೂ ಹೋಳಿಗೆಯ ಬುಟ್ಟಿಯ ಮೇಲೇ ಕಣ್ಣಿಟ್ಟಿದ್ದ ಸುಗುಣಮ್ಮ ಏನನ್ನೂ ನೋಡಿರಲಿಲ್ಲ. ಗಣಪಯ್ಯನವರು ಒಮ್ಮೆ ಹೆಂಡತಿಯನ್ನು, ಒಮ್ಮೆ ಕ್ಯಾರಿಯರ್ ಇಲ್ಲದ ಸೈಕಲ್ಲನ್ನು ನೋಡಿದರು.

“ನಾನು ಸಾಮಾನಲ್ಲ ಅಲ್ವಾ?” ಎಂದರು ಸುಗುಣಮ್ಮ.

ಗಣಪಯ್ಯನವರು ಕೋಟು ಕಳಚಿ, ನಾಲ್ಕಾಗಿ ಮಡಚಿ, ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಮೆತ್ತಗೆ ಹಾಸಿದರು. ಐವತ್ತು ಸಮೀಪಿಸಿದ ಸುಗುಣಮ್ಮ ರೇಷ್ಮೆ ಸೀರೆಯ ನೆರಿಗೆ ಒತ್ತಿ ಹಿಡಿದು, ನಾಚಿಕೆಯಿಂದ ಸುತ್ತ ನೋಡಿ, ಅದರ ಮೇಲೆ ಕೂತರು. ಸೈಕಲ್ ಒಮ್ಮೆ ನೀರಿನ ಕಡೆಗೆ ವಾಲಿ, ಒಮ್ಮೆ ಗದ್ದೆಯ ಕಡೆಗೆ ವಾಲಿ, ನೆಟ್ಟಗಾಯಿತು. ಎದುರಿಗೆ ಬಾತುಗಳು ಬಂದಾಗ ಇಬ್ಬರೂ ಇಳಿದರು. ಬಿದಿರ ಸಂಕವೊಂದರ ಬಳಿ ಸುಗುಣಮ್ಮ ತಾವಾಗಿಯೇ ಇಳಿದು ಬಹಳ ಹೊತ್ತು ನಿಂತರು. ಬಲೆ ನೀರಿನಿಂದ ಮೆಲ್ಲನೆ ಮೇಲಕ್ಕೆದ್ದು, ಬರಿದಾಗಿಯೇ ಮತ್ತೆ ಇಳಿಯಿತು. ಒಂದು ಸದ್ದಿಲ್ಲ. ಒಂದು ಸಾದಾ ಎರಡು ಮಸಾಲೆ ಎಂದು ಕೂಗುವವರಿಲ್ಲ.

“ಸಂಕ ದಾಟಿ ಎಡಕ್ಕೆ ಹೋದ್ರೆ ಮನೆ” ಎಂದರು ಗಣಪಯ್ಯನವರು.

“ಬಲಕ್ಕೆ?”

“ಬಲಕ್ಕೆ ಎಂತದೂ ಇಲ್ಲ.”

ಸುಗುಣಮ್ಮ ಇಳಿಬಿಸಿಲನ್ನು ಅಳೆದು ನೋಡಿದರು. “ದೀಪಕ್ಕೆ ಇನ್ನೂ ಹೊತ್ತುಂಟು” ಎಂದರು. “ಬಲಕ್ಕೇ ಹೋಗುವ.”

ಮುಂದಿನ ಬಂದ್ ಬರುವ ಹೊತ್ತಿಗೆ ಆ ಸೈಕಲ್ಲಿಗೆ ಹೊಸ ಕ್ಯಾರಿಯರ್ ಬಂದಿತ್ತು, ಅದರ ಮೇಲೊಂದು ಹೂವಿನ ಕಸೂತಿಯ ದಿಂಬು. ಹೊಸದಾಗಿ ಬಂದ ಸಪ್ಲೈಯರ್ ಒಬ್ಬ ತಿಳಿಯದೆ ಅದರ ಮೇಲೆ ಮೆಣಸಿನ ಚೀಲ ಇಡಲು ಹೋದಾಗ ಗಲ್ಲಾದ ಹಿಂದಿನಿಂದ ಎದ್ದ ಗರ್ಜನೆಯನ್ನು ನಾನು ಕೇಳಿದ್ದೇನೆ. ವ್ರತ ಮುರಿದಿರಲಿಲ್ಲ, ಸ್ವಲ್ಪ ಅಗಲವಾಗಿತ್ತು.

ಪರವೂರಿಗೆ ಹೋಗಿ ಅನ್ನ ಬಡಿಸಿ ಬದುಕು ಕಟ್ಟಿಕೊಂಡವರ ಒಂದು ಕುಲವಿದೆ. ಅವರ ಕೈಗುಣವನ್ನು ಲೋಕ ಹೊಗಳುತ್ತದೆ, ದುಡಿಮೆಯನ್ನು ಹೊಗಳುತ್ತದೆ, ಅವರಿಗೂ ಒಂದು ಸಂಜೆ ಬೇಕಾದೀತೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಯಾರೂ ಕೊಡದಿದ್ದಾಗ ಅವರು ಅದನ್ನು ಎಲ್ಲಿಂದಲೋ ಕದ್ದು ತರುತ್ತಾರೆ, ಊರಿನ ಸಿಟ್ಟಿನಿಂದಲಾದರೂ ಸರಿ. ತಂದದ್ದನ್ನು ಲೋಭಿಯ ಗಂಟಿನಂತೆ ಬಚ್ಚಿಡುತ್ತಾರೆ, ಹಂಚಿದರೆ ಅದೂ ಕೆಲಸವಾಗಿಬಿಡುತ್ತದೆಂಬ ಭಯ ಅವರಿಗೆ. ಏನೂ ಇಲ್ಲದ್ದನ್ನು ಇಬ್ಬರು ಹಂಚಿಕೊಂಡರೂ ಅದು ಕಡಿಮೆಯಾಗುವುದಿಲ್ಲ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ. ತಿಳಿದ ಮೇಲೆ ಕೋಟು ಕಳಚಿ ಹಾಸಲು ಅವರು ಹಿಂದೆಮುಂದೆ ನೋಡುವವರಲ್ಲ.